ಭೇಟಿ ಕಡಿಮೆ, ತಯಾರಿ ಹೆಚ್ಚು
ಆಪ್ತಸಮಾಲೋಚಕರ ವೃತ್ತಿ ತರಬೇತಿ ಕುರಿತ ದತ್ತಿ ಉಪನ್ಯಾಸ



ಅನ್ನದಾನಕ್ಕೆ, ವಿದ್ಯಾರ್ಥಿವೇತನಕ್ಕೆ, ಸಾಹಿತ್ಯಕ್ಕೆ ದತ್ತಿ ಇಡುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಮನಸ್ಸಿನ ಆರೋಗ್ಯದ ಹೆಸರಿನಲ್ಲಿ ದತ್ತಿ ಇಡುವವರು ವಿರಳ. ಆಪ್ತಸಮಾಲೋಚನೆಯ ಬಗ್ಗೆ ಸಾರ್ವಜನಿಕರ ಎದುರು, ಕನ್ನಡದಲ್ಲಿ ಮಾತು ನಡೆಯಬೇಕೆಂದು ಬಯಸಿ ಈ ದತ್ತಿಯನ್ನು ಸ್ಥಾಪಿಸಿದ ಕುಟುಂಬಕ್ಕೆ ಮೊದಲಿಗೆ ನನ್ನ ವಂದನೆಗಳು. ಸಮಾಲೋಚಕರನ್ನು ತಯಾರು ಮಾಡುವ ಕೆಲಸದಲ್ಲೇ ಹೆಚ್ಚಿನ ಆಯುಷ್ಯ ಕಳೆದವಳು ನಾನು. ಹಾಗಾಗಿ ಇಂದು ಆ ತರಬೇತಿಯ ಬಗ್ಗೆಯೇ ಮಾತಾಡುತ್ತೇನೆ. ಅದರಲ್ಲೂ, ಕೆಲವೇ ಭೇಟಿಗಳಲ್ಲಿ ಮುಗಿಯುವ, ಹಲವು ಪಂಥಗಳ ವಿಧಾನಗಳನ್ನು ಹೊಂದಿಸಿಕೊಂಡು ಮಾಡುವ ಚಿಕಿತ್ಸೆಯನ್ನು ಯಾರಿಗೆ, ಹೇಗೆ, ಎಷ್ಟು ಕಾಲ ಕಲಿಸಬೇಕು ಎಂಬ ಪ್ರಶ್ನೆ ನನ್ನ ವಿಷಯ.

ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಕಿರು ಅವಧಿಯ ಚಿಕಿತ್ಸೆಯನ್ನು ಕಿರು ಅವಧಿಯ ತರಬೇತಿಯಿಂದ ಕಲಿಸಲಾಗದು. ವರ್ಷಗಟ್ಟಲೆ ಒಬ್ಬರನ್ನೇ ನೋಡುವ ಚಿಕಿತ್ಸಕರು ಮೊದಲ ತಿಂಗಳಲ್ಲಿ ದಾರಿ ತಪ್ಪಿದರೂ ಮುಂದೆ ಸರಿಪಡಿಸಿಕೊಳ್ಳಬಹುದು. ನಾಲ್ಕೇ ಭೇಟಿ ಸಿಗುವವರಿಗೆ ಆ ಸೌಲಭ್ಯವಿಲ್ಲ. ಭೇಟಿಗಳ ಸಂಖ್ಯೆ ಇಳಿದಷ್ಟೂ ಸಮಾಲೋಚಕರ ತಯಾರಿ ಏರಬೇಕು. ನಮ್ಮಲ್ಲಿ ಈಗ ನಡೆಯುತ್ತಿರುವುದು ಇದರ ತಿರುವುಮುರುವು.

ಬರುವವರು ಎಷ್ಟು ಸಲ ಬರುತ್ತಾರೆ?

ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯಿತು. ಅದರ ಪೂರ್ವಭಾವಿ ಅಧ್ಯಯನ ನಡೆದದ್ದು ನಮ್ಮ ಕೋಲಾರದಲ್ಲಿ. ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಖಿನ್ನತೆ, ಆತಂಕದಂತಹ ಸಾಮಾನ್ಯ ಕಾಯಿಲೆ ಇದ್ದವರಲ್ಲಿ ಶೇ. 85ರಷ್ಟು ಮಂದಿ ಚಿಕಿತ್ಸೆಯ ಬಾಗಿಲನ್ನೇ ಮುಟ್ಟಿರಲಿಲ್ಲ.

ಬಾಗಿಲು ಮುಟ್ಟಿದವರಾದರೂ ಎಷ್ಟು ಸಲ ಬರುತ್ತಾರೆ? ಜಿಲ್ಲಾ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕೂತು ನೋಡಿದವರಿಗೆ ಇದು ಗೊತ್ತು. ತಾಲ್ಲೂಕಿನಾಚೆಯ ಹಳ್ಳಿಯಿಂದ ಬಂದವರು ಒಂದು ದಿನದ ಕೂಲಿ ಬಿಟ್ಟು ಬಂದಿರುತ್ತಾರೆ. ಚೀಟಿ ಮಾಡಿಸಿ, ಡಾಕ್ಟರಿಗೆ ತೋರಿಸಿ, ರಕ್ತ ಕೊಟ್ಟು, ಸಮಾಲೋಚಕರ ಕೋಣೆಗೆ ಬರುವಷ್ಟರಲ್ಲಿ ಊರಿನ ಬಸ್ಸಿನ ಹೊತ್ತಾಗಿರುತ್ತದೆ. ಜೊತೆಗೆ ಬಂದ ಮಗನೋ ಮೈದುನನೋ ಹೊರಗೆ ಗಡಿಯಾರ ನೋಡುತ್ತಾ ನಿಂತಿರುತ್ತಾನೆ. "ಮುಂದಿನ ವಾರ ಬನ್ನಿ" ಎಂದರೆ "ಆಗಲಿ" ಎನ್ನುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಮತ್ತೆ ಬರುವುದಿಲ್ಲ.

ಇದನ್ನು ನಮ್ಮ ಬಡತನದ ಲಕ್ಷಣವೆಂದು ತಿಳಿಯಬೇಕಾಗಿಲ್ಲ. ಅಮೆರಿಕದ ಕೈಸರ್ ಪರ್ಮನೆಂಟೆ ಆರೋಗ್ಯ ಸಂಸ್ಥೆಯಲ್ಲಿದ್ದ ಮೋಶೆ ತಾಲ್ಮನ್ ತಮ್ಮಲ್ಲಿನ ದಾಖಲೆಗಳನ್ನು ತೆಗೆದು ನೋಡಿದಾಗ ಅಲ್ಲೂ ಅತಿ ಹೆಚ್ಚು ಮಂದಿ ಬಂದುಹೋಗಿದ್ದದ್ದು ಒಂದೇ ಸಲ. ಹಾಗೆ ಬಿಟ್ಟುಹೋದವರಿಗೆ ಫೋನ್ ಮಾಡಿ ವಿಚಾರಿಸಿದರೆ, ಬಹಳ ಮಂದಿ ತಮಗೆ ಬೇಕಾದದ್ದು ಸಿಕ್ಕಿತೆಂದೇ ಹೇಳಿದರು. 1990ರಲ್ಲಿ ಬಂದ ಅವರ ಪುಸ್ತಕ ಒಂದೇ ಭೇಟಿಯ ಚಿಕಿತ್ಸೆಯ ಚರ್ಚೆಗೆ ನಾಂದಿ ಹಾಡಿತು. ಅದಕ್ಕೂ ಮೊದಲು, 1986ರಲ್ಲಿ, ಕೆನೆತ್ ಹೋವರ್ಡ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ, ಸುಮಾರು ಎಂಟು ಭೇಟಿಗಳೊಳಗೆ ಅರ್ಧದಷ್ಟು ಜನರಲ್ಲಿ ಎದ್ದುಕಾಣುವ ಸುಧಾರಣೆ ಇರುತ್ತದೆಂದು ತೋರಿಸಿದ್ದರು.

ಆದ್ದರಿಂದ ಕಿರು ಚಿಕಿತ್ಸೆ ಬೇಕೋ ಬೇಡವೋ ಎಂಬ ವಾದಕ್ಕೆ ಅರ್ಥವಿಲ್ಲ. ಜನ ಅದನ್ನು ಆಗಲೇ ತೀರ್ಮಾನಿಸಿಬಿಟ್ಟಿದ್ದಾರೆ. ಅವರು ಕೊಡುವ ಆ ಒಂದೋ ನಾಲ್ಕೋ ಭೇಟಿಗೆ ನಾವು ಯೋಗ್ಯರಾಗಿದ್ದೇವೆಯೇ ಎಂಬುದಷ್ಟೇ ಉಳಿದಿರುವ ಪ್ರಶ್ನೆ.

ಕಿರು ಚಿಕಿತ್ಸೆ ಬೆಳೆದು ಬಂದ ದಾರಿ

ದೀರ್ಘ ಮನೋವಿಶ್ಲೇಷಣೆಗೆ ಹೆಸರಾದ ಫ್ರಾಯ್ಡ್ ಅವರೇ 1910ರಲ್ಲಿ ಸಂಗೀತಗಾರ ಗುಸ್ಟಾವ್ ಮಾಹ್ಲರ್ ಅವರನ್ನು ಹಾಲೆಂಡಿನ ಲೈಡನ್ ನಗರದಲ್ಲಿ, ನಾಲ್ಕು ತಾಸು ನಡೆದಾಡುತ್ತಾ ಮಾತಾಡಿಸಿ ಕಳಿಸಿದ್ದುಂಟು. ಕಿರು ಚಿಕಿತ್ಸೆ ಒಂದು ಶಿಸ್ತಾಗಿ ರೂಪುಗೊಂಡದ್ದು ಮಾತ್ರ ಬಹಳ ನಂತರ. 1960ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದ ಮೆಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಫಿಶ್, ವೀಕ್‌ಲ್ಯಾಂಡ್, ವಾಟ್ಸ್‌ಲಾವಿಕ್ ಒಂದು ನಿಯಮ ಹಾಕಿಕೊಂಡರು: ಹೆಚ್ಚೆಂದರೆ ಹತ್ತು ಭೇಟಿ. ಸಮಸ್ಯೆಯನ್ನು ಬಗೆಹರಿಸಲು ಜನ ಮಾಡುವ ಪ್ರಯತ್ನವೇ ಎಷ್ಟೋ ಸಲ ಸಮಸ್ಯೆಯನ್ನು ಜೀವಂತವಾಗಿಡುತ್ತದೆ ಎಂಬುದು ಅವರು ಕಂಡುಕೊಂಡ ಮುಖ್ಯ ಸಂಗತಿ. ಮಗ ಓದುತ್ತಿಲ್ಲವೆಂದು ತಂದೆ ಬೈಯುತ್ತಾರೆ, ಬೈದಷ್ಟೂ ಮಗ ಪುಸ್ತಕದಿಂದ ದೂರ ಸರಿಯುತ್ತಾನೆ, ಅವನು ಸರಿದಷ್ಟೂ ಬೈಗುಳ ಹೆಚ್ಚುತ್ತದೆ. ನಮ್ಮ ಪಿಯುಸಿ ಮನೆಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮುಂದೆ 1978ರಲ್ಲಿ ಮಿಲ್ವಾಕಿಯಲ್ಲಿ ಸ್ಟೀವ್ ಡಿ ಶೇಜರ್ ಮತ್ತು ಕೊರಿಯಾದಲ್ಲಿ ಹುಟ್ಟಿದ ಇನ್ಸೂ ಕಿಮ್ ಬರ್ಗ್ ದಂಪತಿ ಕಿರು ಕುಟುಂಬ ಚಿಕಿತ್ಸಾ ಕೇಂದ್ರವೊಂದನ್ನು ತೆರೆದರು. ಒಮ್ಮುಖ ಗಾಜಿನ ಹಿಂದೆ ತಂಡದವರು ಕೂತು ಪ್ರತಿಯೊಂದು ಸೆಷನ್ನನ್ನೂ ಗಮನಿಸುತ್ತಿದ್ದರು. ಯಾವ ಪ್ರಶ್ನೆ ಕೇಳಿದಾಗ ಎದುರಿಗಿದ್ದವರ ಮುಖ ಅರಳುತ್ತದೆ, ಯಾವುದಕ್ಕೆ ಮುದುಡುತ್ತದೆ ಎಂದು ಬರೆದಿಟ್ಟುಕೊಳ್ಳುತ್ತಿದ್ದರು. ಪರಿಹಾರಕೇಂದ್ರಿತ ಚಿಕಿತ್ಸೆ ಹುಟ್ಟಿದ್ದು ಹೀಗೆ. ತೊಂದರೆ ಇಲ್ಲದಿದ್ದ ದಿನಗಳ ಬಗ್ಗೆ ಕೇಳುವುದು, ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಈಗ ಎಲ್ಲಿದ್ದೀರಿ ಎಂದು ಕೇಳುವುದು, ಇವೆಲ್ಲ ಇಂದು ಎಲ್ಲ ಕಡೆ ಬಳಕೆಯಲ್ಲಿವೆ. ಆದರೆ ಆ ಪ್ರಶ್ನೆಗಳು ಗಾಜಿನ ಹಿಂದಿನ ವರ್ಷಗಳ ಗಮನದಿಂದ ಬಂದವು ಎಂಬುದನ್ನು ತರಬೇತಿ ಕೊಡುವವರೇ ಮರೆಯುತ್ತಾರೆ. ಪ್ರಶ್ನೆಯ ಪಟ್ಟಿಯನ್ನು ಜೆರಾಕ್ಸ್ ಮಾಡಿ ಹಂಚುತ್ತಾರೆ, ಗಮನಿಸುವ ಅಭ್ಯಾಸವನ್ನು ಕಲಿಸುವುದಿಲ್ಲ.

ಇದೇ ಕಾಲದಲ್ಲಿ ಆರನ್ ಬೆಕ್ ಅವರ ಅರಿವಿನ ಚಿಕಿತ್ಸೆ ಬೆಳೆಯಿತು. 1983ರಲ್ಲಿ ವಿಲಿಯಂ ಮಿಲ್ಲರ್ ಕುಡಿತದ ಸಮಸ್ಯೆ ಇದ್ದವರೊಡನೆ ವಾದಕ್ಕಿಳಿಯದೆ ಮಾತಾಡುವ ಪ್ರೇರಣಾತ್ಮಕ ಸಂದರ್ಶನದ ವಿಧಾನವನ್ನು ಮಂಡಿಸಿದರು. ಒಂದೊಂದಕ್ಕೂ ಅನುಯಾಯಿಗಳು, ಒಂದೊಂದಕ್ಕೂ ಪ್ರಮಾಣಪತ್ರ. ಸಮಾಲೋಚಕರಾಗಲು ಹೊರಟ ಒಬ್ಬ ವಿದ್ಯಾರ್ಥಿ ಈ ಸಂತೆಯಲ್ಲಿ ನಿಂತು ಏನನ್ನು ಆರಿಸಬೇಕು?

ಸಮನ್ವಯ ಎಂಬ ಶಿಸ್ತು

ಈ ಪ್ರಶ್ನೆಯೂ ಹಳೆಯದೇ. 1936ರಲ್ಲಿ ಸಾಲ್ ರೋಸೆನ್‌ಜ್ವೈಗ್, ಬೇರೆಬೇರೆ ಚಿಕಿತ್ಸೆಗಳು ಗುಣ ಕೊಡುವುದು ಅವುಗಳಲ್ಲಿ ಸಮಾನವಾಗಿರುವ ಅಂಶಗಳಿಂದ ಇರಬಹುದೆಂದು ಬರೆದರು. 1957ರಲ್ಲಿ ಕಾರ್ಲ್ ರೋಜರ್ಸ್ ಅನುಭೂತಿ, ಒಪ್ಪಿಕೊಳ್ಳುವಿಕೆ, ಪ್ರಾಮಾಣಿಕತೆ ಇವುಗಳನ್ನು ಚಿಕಿತ್ಸೆಯ ನೆಲಗಟ್ಟಾಗಿ ಇಟ್ಟರು. 1979ರಲ್ಲಿ ಎಡ್ವರ್ಡ್ ಬಾರ್ಡಿನ್ ಸಮಾಲೋಚಕ ಮತ್ತು ಕ್ಲೈಂಟ್ ನಡುವಿನ ಒಪ್ಪಂದದಲ್ಲಿ ಮೂರು ಭಾಗಗಳನ್ನು ಗುರುತಿಸಿದರು: ಪರಸ್ಪರ ನಂಟು, ಎಲ್ಲಿಗೆ ತಲುಪಬೇಕೆಂಬ ಗುರಿ, ಅದಕ್ಕಾಗಿ ಮಾಡಬೇಕಾದ ಕೆಲಸ. ಮೂರರಲ್ಲಿ ಒಂದು ಕೆಟ್ಟರೂ ವಿಧಾನ ಎಷ್ಟೇ ಹೊಸದಾಗಿದ್ದರೂ ಫಲ ಕೊಡುವುದಿಲ್ಲ. ದಕ್ಷಿಣ ಆಫ್ರಿಕಾ ಮೂಲದ ಆರ್ನಾಲ್ಡ್ ಲಜಾರಸ್, ಒಬ್ಬ ಮನುಷ್ಯನನ್ನು ನಡವಳಿಕೆ, ಭಾವನೆ, ದೇಹದ ಸಂವೇದನೆ, ಕಲ್ಪನಾಚಿತ್ರ, ಆಲೋಚನೆ, ಸಂಬಂಧ, ಶಾರೀರಿಕ ಸ್ಥಿತಿ ಎಂಬ ಏಳು ಕಡೆಗಳಿಂದ ನೋಡಿ, ಎಲ್ಲಿ ಕೈಹಾಕಿದರೆ ಬೇಗ ಬದಲಾವಣೆ ಬಂದೀತೋ ಅಲ್ಲಿಂದ ಶುರು ಮಾಡಿ ಎಂದರು. 1983ರಲ್ಲಿ ಮನೋಚಿಕಿತ್ಸಾ ಸಮನ್ವಯಕ್ಕಾಗಿಯೇ ಒಂದು ಅಂತರರಾಷ್ಟ್ರೀಯ ಸಂಘ ಹುಟ್ಟಿತು.

ಸಮನ್ವಯವನ್ನು ನಮ್ಮಲ್ಲಿ ತಪ್ಪಾಗಿ ತಿಳಿಯುವವರಿದ್ದಾರೆ. ಎಲ್ಲದರಿಂದ ಸ್ವಲ್ಪ ಸ್ವಲ್ಪ ಕಲಿತು, ಆ ಕ್ಷಣಕ್ಕೆ ತೋಚಿದ್ದನ್ನು ಮಾಡುವುದೇ ಸಮನ್ವಯವೆಂದು ಅವರ ನಂಬಿಕೆ. ನಾನು ತರಗತಿಯಲ್ಲಿ ತಾಳಮದ್ದಳೆಯ ಉದಾಹರಣೆ ಕೊಡುತ್ತೇನೆ. ಅರ್ಥಧಾರಿಯ ಕೈಯಲ್ಲಿ ಬರೆದ ಸಂಭಾಷಣೆ ಇರುವುದಿಲ್ಲ, ಮಾತೆಲ್ಲ ಆಶುವಾಗಿಯೇ ಬರಬೇಕು. ಆದರೆ ಪ್ರಸಂಗದ ಪದ್ಯ ಅವರನ್ನು ಹಿಡಿದಿಟ್ಟಿರುತ್ತದೆ, ಎದುರಿನ ಪಾತ್ರ ಏನು ಹೇಳಿತೆಂಬುದರ ಮೇಲೆ ಅವರ ಮುಂದಿನ ಮಾತು ನಿಂತಿರುತ್ತದೆ. ಪುರಾಣದ ಓದು, ಹಿರಿಯರ ಜೊತೆಗೆ ಕೂತ ವರ್ಷಗಳು ಹಿಂದಿಲ್ಲದಿದ್ದರೆ ಆ ಸ್ವಾತಂತ್ರ್ಯ ಬಾಯಿಗೆ ಬಂದದ್ದನ್ನು ಆಡುವ ಸ್ವೇಚ್ಛೆಯಾಗುತ್ತದೆ. ಸಮನ್ವಯ ಚಿಕಿತ್ಸಕರ ಸ್ವಾತಂತ್ರ್ಯವೂ ಇಂಥದ್ದೇ.

ಹಾಗಾದರೆ ಅವರನ್ನು ಹಿಡಿದಿಡುವ ಪದ್ಯ ಯಾವುದು? ಪ್ರಕರಣದ ಗ್ರಹಿಕೆ. ಮೊದಲ ಭೇಟಿ ಮುಗಿಯುವುದರೊಳಗೆ ಸಮಾಲೋಚಕರು ನಾಲ್ಕು ಪ್ರಶ್ನೆಗಳಿಗೆ ತಾತ್ಕಾಲಿಕವಾಗಿಯಾದರೂ ಉತ್ತರ ಕಂಡುಕೊಂಡಿರಬೇಕು. ಇವರ ಕಷ್ಟ ಇವರದೇ ಮಾತಿನಲ್ಲಿ ಏನು? ಈಗಲೇ ಯಾಕೆ ಬಂದರು? ಯಾವುದು ಈ ಕಷ್ಟವನ್ನು ಮುಂದುವರಿಸುತ್ತಿದೆ? ಇವರ ಬಳಿ ಆಗಲೇ ಇರುವ ಬಲ ಯಾವುದು? ಇದಾದ ಮೇಲೆ ವಿಧಾನದ ಆಯ್ಕೆ. ಎಲ್ಲ ಬಿಟ್ಟು ಮೂಲೆ ಹಿಡಿದು ಕೂತವರಿಗೆ ಚಟುವಟಿಕೆಯನ್ನು ಮರಳಿ ತರುವ ವಿಧಾನ ಹೊಂದುತ್ತದೆ. ಕುಡಿತ ಬಿಡಲು ಮನಸ್ಸೂ ಇದೆ, ಇಲ್ಲವೂ ಇದೆ ಎನ್ನುವವರಿಗೆ ಪ್ರೇರಣಾತ್ಮಕ ಸಂದರ್ಶನ ಬೇಕು. ಸಾಲ, ಕೆಲಸ, ಜಮೀನಿನ ತಂಟೆಯಲ್ಲಿ ಸಿಕ್ಕಿದವರೊಡನೆ ಸಮಸ್ಯೆಯನ್ನು ಬಿಡಿಸಿ ಹೆಜ್ಜೆಹೆಜ್ಜೆಯಾಗಿ ಎದುರಿಸುವ ಕ್ರಮ ಸರಿ. ಮೊನ್ನೆ ತಾನೇ ಮಗುವನ್ನು ಕಳೆದುಕೊಂಡ ತಾಯಿಗೆ ಇವು ಯಾವುವೂ ಬೇಡ. ಅವಳ ಜೊತೆ ಸುಮ್ಮನೆ ಕೂರುವ ಧೈರ್ಯ ಬೇಕು.

ತರಗತಿಯೊಳಗೆ

ಈ ಮಾತುಗಳು ತರಬೇತಿಯಲ್ಲಿ ಹೇಗೆ ಕಾಣಿಸುತ್ತವೆಂದು ತೋರಿಸುತ್ತೇನೆ. ಇದು ಹಲವು ಪ್ರಕರಣಗಳನ್ನು ಬೆರೆಸಿ ಪಾಠಕ್ಕಾಗಿ ಕಟ್ಟಿದ ಪಾತ್ರ. ಹಾವೇರಿ ಕಡೆಯ ನಲವತ್ತರ ಹೆಣ್ಣುಮಗಳು. ಎದೆ ಡವಡವ, ನಿದ್ದೆ ಇಲ್ಲ. ಇಸಿಜಿ, ರಕ್ತ ಪರೀಕ್ಷೆ ಎಲ್ಲ ಸರಿ. ಮಗಳ ಮದುವೆಗೆ ಸ್ವಸಹಾಯ ಸಂಘದಲ್ಲಿ ತೆಗೆದ ಸಾಲದ ಕಂತು ಬಾಕಿ. ಗಂಡನಿಗೆ ಕುಡಿತ. ಪಾತ್ರವನ್ನು ಶಿಕ್ಷಕಿ ಮಾಡುತ್ತಾರೆ, ಸಮಾಲೋಚಕಿಯಾಗಿ ಕೂರುವವಳು ಎಂ.ಎ. ಮುಗಿಸಿದ ವಿದ್ಯಾರ್ಥಿನಿ.

"ನಿದ್ದಿ ಇಲ್ರೀ ಮೇಡಮ್ಮಾರ. ಎದಿ ಡವಡವ ಅಂತೈತಿ. ಎಲ್ಲಾ ಟೆಸ್ಟ್ ಮಾಡ್ಸಿದ್ರು, ಏನೂ ಇಲ್ಲಂತಾರ."

ಮೊದಲ ಪ್ರಯತ್ನದಲ್ಲಿ ವಿದ್ಯಾರ್ಥಿನಿ ಐದು ನಿಮಿಷದೊಳಗೆ ಪ್ರಾಣಾಯಾಮ ಮಾಡಿ, ಚಿಂತೆ ಬಿಡಿ, ಗಂಡನನ್ನು ಡಿ-ಅಡಿಕ್ಷನ್ ಕೇಂದ್ರಕ್ಕೆ ಕರೆತನ್ನಿ, ಮಲಗುವಾಗ ಮೊಬೈಲ್ ನೋಡಬೇಡಿ ಎಂದು ಹೇಳಿ ಮುಗಿಸುತ್ತಾಳೆ. ಒಂದೂ ಕೆಟ್ಟ ಸಲಹೆಯಲ್ಲ. ಪಾತ್ರದಲ್ಲಿರುವ ಶಿಕ್ಷಕಿ "ಹೂಂರಿ, ಹೂಂರಿ" ಎನ್ನುತ್ತಾ ಸೆರಗು ಸರಿಮಾಡಿಕೊಂಡು ಏಳುತ್ತಾರೆ. ಆಗ ತರಗತಿಗೇ ಅರಿವಾಗುತ್ತದೆ: ಈ ಹೆಣ್ಣುಮಗಳು ಇನ್ನು ಬರುವುದಿಲ್ಲ.

ಎರಡನೆಯ ಸಲ ಅದೇ ದೃಶ್ಯ. ಈ ಬಾರಿ ವಿದ್ಯಾರ್ಥಿನಿ ಸಲಹೆಯನ್ನು ತಡೆಹಿಡಿಯುತ್ತಾಳೆ.

"ಎದಿ ಹಂಗ ಬಡಕೊಂಡ್ರ ಅಂಜಿಕಿ ಆಗೋದು ಖರೇನರೀ ಅಕ್ಕಾರ. ಡಾಕ್ಟರ್ ಏನೂ ಇಲ್ಲ ಅಂದಾಗ ನಿಮಗ ಏನ್ ಅನಿಸ್ತು?"

"ಯಾರೂ ನಂಬಂಗಿಲ್ಲ ಅನಿಸ್ತರೀ."

ಮೌನ. ಆ ಮೌನವನ್ನು ವಿದ್ಯಾರ್ಥಿನಿ ತುಂಬಲು ಹೋಗುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸಾಲದ ಮಾತು ತಾನಾಗಿಯೇ ಬರುತ್ತದೆ. ಕಂತಿನ ದುಡ್ಡು ಇಲ್ಲದ್ದಕ್ಕೆ ಸಂಘದ ಸಭೆಗೆ ಹೋಗುವುದನ್ನೇ ಬಿಟ್ಟಿದ್ದಾರೆ, ಓಣಿಯ ಹೆಂಗಸರಿಗೆ ಮುಖ ತೋರಿಸುತ್ತಿಲ್ಲ. ಸಾಯುವ ಯೋಚನೆ ಬಂದದ್ದುಂಟೇ ಎಂದು ವಿದ್ಯಾರ್ಥಿನಿ ನೇರವಾಗಿ, ಮೆತ್ತಗೆ ಕೇಳುತ್ತಾಳೆ. ಅದನ್ನು ಕೇಳಲು ಕಲಿಯುವುದಕ್ಕೇ ಹಲವರಿಗೆ ವಾರಗಳು ಬೇಕಾಗುತ್ತವೆ. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆಂಬ ಭಯ ತಪ್ಪು ಎಂಬುದನ್ನು ತರಬೇತಿ ಮನದಟ್ಟು ಮಾಡಬೇಕು. ಆಮೇಲೆ:

"ಈ ತಿಂಗಳದಾಗ ಒಂದ್ ರಾತ್ರಿಯಾದ್ರೂ ಸ್ವಲ್ಪ ಚಲೋ ನಿದ್ದಿ ಬಂದಿತ್ತೇನ್ರೀ?"

"ತಂಗಿ ಬಂದಾಗ ಬಂದಿತ್ತು ನೋಡ್ರಿ. ಇಬ್ರೂ ಕೂಡಿ ಶೇಂಗಾ ಸುಲಕೋತ ಮಾತಾಡ್ಕೋತ ಕುಂತಿದ್ವಿ."

ಇಲ್ಲಿ ದಾರಿ ಸಿಕ್ಕಿತು. ಇವರ ಎದೆಬಡಿತವನ್ನು ಹೆಚ್ಚಿಸುತ್ತಿರುವುದು ಸಾಲದ ಜೊತೆಗೆ ಒಂಟಿತನವೂ ಹೌದು. ಇವರಿಗೆ ಬಲ ಕೊಡುವುದು ಜನರ ಜೊತೆಗಿನ ಕೆಲಸ. ಭೇಟಿ ಮುಗಿಯುವಾಗ ತೀರ್ಮಾನವಾದದ್ದು ಎರಡೇ: ವಾರದಲ್ಲಿ ಎರಡು ಸಂಜೆ ತಂಗಿಯ ಜೊತೆಗೋ ಪಕ್ಕದ ಮನೆಯವರ ಜೊತೆಗೋ ಕೂತು ಕೆಲಸ ಮಾಡುವುದು, ಮತ್ತು ಸಂಘದ ಪ್ರತಿನಿಧಿಯ ಬಳಿ ಕಂತಿನ ಗಡುವು ಮುಂದೂಡಲು ಏನೆಂದು ಕೇಳಬೇಕೋ ಅದನ್ನು ಇಲ್ಲೇ ಒಮ್ಮೆ ಆಡಿನೋಡುವುದು. ಗಂಡನ ಕುಡಿತ ಮುಂದಿನ ಭೇಟಿಗೆ. ರೋಜರ್ಸ್, ಡಿ ಶೇಜರ್, ಬೆಕ್ ಎಲ್ಲರೂ ಆ ಅರ್ಧ ಗಂಟೆಯಲ್ಲಿದ್ದರು. ಯಾರ ಹೆಸರೂ ಕೇಳಿಬರಲಿಲ್ಲ. ಆ ಅರ್ಧ ಗಂಟೆಯನ್ನು ಹಾಗೆ ನಡೆಸಲು ವಿದ್ಯಾರ್ಥಿನಿ ಎಷ್ಟೋ ತಿಂಗಳು ಇಂಥ ಅಭ್ಯಾಸದಲ್ಲಿ ತೊಡಗಿರಬೇಕಾಗುತ್ತದೆ.

ಗೋವಾ ಕಲಿಸುವ ಪಾಠ

ಕಿರು ತರಬೇತಿ ಸಾಕೆನ್ನುವವರು ನಮ್ಮ ನೆರೆಯ ಗೋವಾವನ್ನು ತೋರಿಸುತ್ತಾರೆ. ಅದನ್ನು ಸರಿಯಾಗಿ ಓದಬೇಕು. 1996ರಲ್ಲಿ ಶುರುವಾದ ಸಂಗಾತ್ ಸಂಸ್ಥೆಯಲ್ಲಿ ವಿಕ್ರಂ ಪಟೇಲ್ ಮತ್ತು ಸಂಗಡಿಗರು ಮನೋವಿಜ್ಞಾನದ ಹಿನ್ನೆಲೆಯೇ ಇಲ್ಲದ ಸ್ಥಳೀಯರನ್ನು ಸಮಾಲೋಚಕರನ್ನಾಗಿ ತಯಾರು ಮಾಡಿದರು. ಖಿನ್ನತೆಗಾಗಿ ಅವರು ರೂಪಿಸಿದ ಕಿರು ಚಿಕಿತ್ಸೆಯಲ್ಲಿ ಆರರಿಂದ ಎಂಟು ಭೇಟಿ, ಒಂದೊಂದು ಭೇಟಿ ಅರ್ಧ ಗಂಟೆಗಿಂತ ತುಸು ಹೆಚ್ಚು. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ 495 ಮಂದಿಯ ಮೇಲೆ ನಡೆದ ಪ್ರಯೋಗದ ಫಲಿತಾಂಶ 2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಮೂರು ತಿಂಗಳ ಹೊತ್ತಿಗೆ, ಸಮಾಲೋಚನೆ ಸಿಕ್ಕವರಲ್ಲಿ ಶೇ. 64ರಷ್ಟು ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಮಾಮೂಲಿ ಆರೈಕೆಯಷ್ಟೇ ಸಿಕ್ಕವರಲ್ಲಿ ಈ ಪ್ರಮಾಣ ಶೇ. 39.

ಇದನ್ನು ಓದಿ "ಡಿಗ್ರಿ ಬೇಡ, ಮೂರು ವಾರದ ಶಿಬಿರ ಸಾಕು" ಎನ್ನುವವರಿದ್ದಾರೆ. ಆದರೆ ಅಲ್ಲಿ ನಡೆದದ್ದೇನು? ಬಂದವರನ್ನೆಲ್ಲ ತೆಗೆದುಕೊಳ್ಳಲಿಲ್ಲ, ಆಯ್ದರು. ಕೆಲವು ವಾರಗಳ ಶಿಬಿರದ ನಂತರ ತಿಂಗಳುಗಟ್ಟಲೆ ಇಂಟರ್ನ್‌ಶಿಪ್ ಇತ್ತು. ಸಾಮರ್ಥ್ಯ ತೋರಿಸಿದವರು ಮಾತ್ರ ಮುಂದಕ್ಕೆ ಹೋದರು. ಆಮೇಲೂ ವಾರವಾರ ಗುಂಪಿನಲ್ಲಿ ಕೂತು, ಒಪ್ಪಿಗೆ ಪಡೆದು ಧ್ವನಿಮುದ್ರಿಸಿದ ಸೆಷನ್ನುಗಳನ್ನು ಕೇಳಿ, ಒಬ್ಬರ ಕೆಲಸಕ್ಕೆ ಇನ್ನೊಬ್ಬರು ನಿಗದಿತ ಮಾನದಂಡದಲ್ಲಿ ಅಂಕ ಕೊಡುತ್ತಿದ್ದರು. ಜಿಂಬಾಬ್ವೆಯಲ್ಲಿ ಡಿಕ್ಸನ್ ಚಿಬಾಂಡಾ 2006ರಲ್ಲಿ ಶುರು ಮಾಡಿದ 'ಫ್ರೆಂಡ್‌ಶಿಪ್ ಬೆಂಚ್'ನಲ್ಲೂ ಆಸ್ಪತ್ರೆಯ ಅಂಗಳದ ಬೆಂಚಿನ ಮೇಲೆ ಕೂತು ಮಾತಾಡಿಸುವ ಅಜ್ಜಿಯರ ಬೆನ್ನಿಗೆ ಮಾರ್ಗದರ್ಶಕರ ಜಾಲವಿದೆ. ಪದವಿಯ ಬದಲಿಗೆ ಇವರು ಇಟ್ಟದ್ದು ನಿರಂತರ ಮೇಲ್ವಿಚಾರಣೆಯನ್ನು. ನಮ್ಮಲ್ಲಿ ಎಷ್ಟೋ ಕಡೆ ಪದವಿಯೂ ಇಲ್ಲ, ಮೇಲ್ವಿಚಾರಣೆಯೂ ಇಲ್ಲ. ಇನ್ನು ಕೆಲವು ಕಡೆ ಪದವಿ ಇದೆ, ಎದುರಿಗೆ ಒಬ್ಬ ಜೀವಂತ ಮನುಷ್ಯನನ್ನು ಕೂರಿಸಿಕೊಂಡು ಮಾತಾಡಿದ ಅನುಭವವಿಲ್ಲ.

ಗೋವಾದ ಆ ಅಂಕಿಯನ್ನು ಇನ್ನೊಂದು ಬದಿಯಿಂದಲೂ ನೋಡೋಣ. ನೂರರಲ್ಲಿ 64 ಮಂದಿ ಚೇತರಿಸಿಕೊಂಡರೆ 36 ಮಂದಿ ಚೇತರಿಸಿಕೊಂಡಿರಲಿಲ್ಲ. ಆ 36 ಮಂದಿಯನ್ನು ಬೇಗ ಗುರುತಿಸಿ, "ನಿಮಗೆ ಇದಕ್ಕಿಂತ ಹೆಚ್ಚಿನದು ಬೇಕು" ಎಂದು ಹೇಳಿ ಕೈಹಿಡಿದು ದಾಟಿಸುವುದೂ ಕಿರು ಚಿಕಿತ್ಸೆಯ ಭಾಗ. ಭ್ರಮೆ, ಭ್ರಾಂತಿ, ಉನ್ಮಾದ, ತೀವ್ರ ಆತ್ಮಹತ್ಯೆಯ ಒತ್ತಡ, ಬಾಲ್ಯದಿಂದ ಬಂದ ಆಳವಾದ ಗಾಯ ಇವೆಲ್ಲ ನಾಲ್ಕು ಭೇಟಿಯ ವ್ಯಾಪ್ತಿಗೆ ಮೀರಿದವು. ತನ್ನ ಮಿತಿ ಎಲ್ಲಿದೆ ಎಂದು ಸಮಾಲೋಚಕರಿಗೆ ಕಲಿಸದ ತರಬೇತಿ ಅಪಾಯಕಾರಿ.

ನಮ್ಮ ನಾಡಿನ ಬುನಾದಿ

ಈ ಕೆಲಸಕ್ಕೆ ಕರ್ನಾಟಕದಷ್ಟು ಗಟ್ಟಿ ಬುನಾದಿ ಇರುವ ರಾಜ್ಯಗಳು ಕಡಿಮೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲೇ ಎಂ.ವಿ. ಗೋಪಾಲಸ್ವಾಮಿಯವರು ಮನೋವಿಜ್ಞಾನ ವಿಭಾಗ ಕಟ್ಟಿದರು. ಮೈಸೂರಿನಲ್ಲಿ 'ಆಕಾಶವಾಣಿ' ಎಂಬ ಬಾನುಲಿ ಕೇಂದ್ರ ನಡೆಸಿದವರೂ ಅವರೇ. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿ, 1974ರಲ್ಲಿ ನಿಮ್ಹಾನ್ಸ್ ಆಯಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆ ಮಾದರಿಯ ಒತ್ತು ಕಾಯಿಲೆ ಗುರುತಿಸಿ ಔಷಧ ಕೊಡುವುದರ ಮೇಲಿತ್ತು. ಅದು ಆ ಕಾಲದ ತುರ್ತು. ಮಾತಿನ ಚಿಕಿತ್ಸೆಯನ್ನು ಅದೇ ದೂರಕ್ಕೆ ಒಯ್ಯುವ ಕೆಲಸ ನಮ್ಮ ಪಾಲಿಗೆ ಉಳಿದಿದೆ.

ಮನಸ್ಸಿನ ವಿಷಯವನ್ನು ಕನ್ನಡದಲ್ಲಿ ಹೇಳಲು ಬರುವುದಿಲ್ಲವೆನ್ನುವ ನೆಪವೂ ನಮಗಿಲ್ಲ. ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಡಾ. ಸಿ.ಆರ್. ಚಂದ್ರಶೇಖರ್ ಅವರು ದಶಕಗಳಿಂದ ಕನ್ನಡದಲ್ಲಿ ಬರೆಯುತ್ತಾ, ಬೆಂಗಳೂರಿನ 'ಸಮಾಧಾನ' ಕೇಂದ್ರದಲ್ಲಿ ಸ್ವಯಂಸೇವಕ ಸಮಾಲೋಚಕರನ್ನು ಬೆಳೆಸುತ್ತಾ ಬಂದವರು. 2024ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಒಂದು ಕರೆಯೇ ಎಷ್ಟೋ ಸಲ ಇಡೀ ಚಿಕಿತ್ಸೆ.

ಕಾನೂನೂ ಚಲಿಸತೊಡಗಿದೆ. ಕ್ಲಿನಿಕಲ್ ಸೈಕಾಲಜಿಸ್ಟರು 1992ರ ಭಾರತೀಯ ಪುನರ್ವಸತಿ ಮಂಡಳಿ ಕಾಯ್ದೆಯಡಿ ನೋಂದಾಯಿತರಾಗುತ್ತಾರೆ. ಸಮಾಲೋಚಕರಿಗೆ ಅಂಥ ಚೌಕಟ್ಟು ಬಹುಕಾಲ ಇರಲೇ ಇಲ್ಲ. ಯಾರು ಬೇಕಾದರೂ ಬೋರ್ಡು ಹಾಕಬಹುದಿತ್ತು. 2021ರ ರಾಷ್ಟ್ರೀಯ ಸಹವರ್ತಿ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ಆಯೋಗ ಕಾಯ್ದೆ ವರ್ತನಾ ಆರೋಗ್ಯದ ವೃತ್ತಿಗಳನ್ನು ತನ್ನ ವ್ಯಾಪ್ತಿಗೆ ತಂದಿದೆ. ಅದರ ಆಧಾರದ ಮೇಲೆ ಯುಜಿಸಿ 2025ರಿಂದ ಮನೋವಿಜ್ಞಾನವನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಕಲಿಸುವುದನ್ನು ನಿಲ್ಲಿಸಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಅರ್ಹ ಸಮಾಲೋಚಕರನ್ನೋ ಮನೋವಿಜ್ಞಾನಿಯನ್ನೋ ಸಮಾಜಕಾರ್ಯಕರ್ತರನ್ನೋ ಹೊಂದಿರಬೇಕೆಂದು ಮಾರ್ಗಸೂಚಿ ಕೊಟ್ಟಿತು. ಬೇಡಿಕೆ ಒಮ್ಮೆಲೇ ಏರುವ ಈ ಹೊತ್ತಿನಲ್ಲೇ ಅಗ್ಗದ ಪ್ರಮಾಣಪತ್ರಗಳ ಅಪಾಯವೂ ಹೆಚ್ಚು.

ತರಬೇತಿ ಹೇಗಿರಬೇಕು?

ನನ್ನ ಪ್ರಸ್ತಾವಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು ಆಯ್ಕೆ. ಅಂಕಪಟ್ಟಿಯ ಜೊತೆಗೆ, ಎದುರಿಗಿದ್ದವರ ಮಾತನ್ನು ಹತ್ತು ನಿಮಿಷ ತಡೆಯದೆ ಕೇಳಬಲ್ಲರೇ ಎಂದು ನೋಡಬೇಕು. ಜಾತಿ, ಧರ್ಮ, ಮದುವೆ, ಲೈಂಗಿಕತೆ ಕುರಿತು ತಮ್ಮ ತೀರ್ಪನ್ನು ಬದಿಗಿಟ್ಟು ಕೂರಬಲ್ಲರೇ ಎಂದು ನೋಡಬೇಕು. ಉಪದೇಶ ಮಾಡುವ ಆಸೆಯನ್ನು ಬಿಡಲಾಗದವರಿಗೆ ಬೇರೆ ಒಳ್ಳೆಯ ವೃತ್ತಿಗಳಿವೆ.

ಎರಡನೆಯದು ಒಂದು ಬೇರು. ಸಮನ್ವಯಕ್ಕೆ ಹೊರಡುವ ಮೊದಲು ಒಂದು ವಿಧಾನವನ್ನಾದರೂ ಆಳವಾಗಿ ಕಲಿತಿರಬೇಕು. ಅದರ ಮೇಲೆ ಎರಡನೆಯದು, ಮೂರನೆಯದು. ಹನ್ನೆರಡು ಭಾನುವಾರಗಳಲ್ಲಿ ಹನ್ನೆರಡು ಚಿಕಿತ್ಸೆಗಳನ್ನು ಪರಿಚಯಿಸುವ ಕೋರ್ಸು ಒಂದನ್ನೂ ಕೈಗೆ ಹತ್ತಿಸುವುದಿಲ್ಲ.

ಮೂರನೆಯದು ಅಭ್ಯಾಸ ಮತ್ತು ಮೇಲ್ವಿಚಾರಣೆ. ಒಟ್ಟು ಅವಧಿಯಲ್ಲಿ ಉಪನ್ಯಾಸಕ್ಕಿಂತ ರೋಲ್ ಪ್ಲೇಗೆ, ರೋಲ್ ಪ್ಲೇಗಿಂತ ಮೇಲ್ವಿಚಾರಣೆಯಲ್ಲಿ ನಡೆಸುವ ನಿಜವಾದ ಸೆಷನ್ನುಗಳಿಗೆ ಹೆಚ್ಚು ಪಾಲು ಸಿಗಬೇಕು. ಕನಿಷ್ಠ ಆರು ತಿಂಗಳು ಆಸ್ಪತ್ರೆ, ಶಾಲೆ, ಸಾಂತ್ವನ ಕೇಂದ್ರ, ಕೌಟುಂಬಿಕ ನ್ಯಾಯಾಲಯದಂತಹ ಕಡೆ ಕೆಲಸ ಮಾಡದವರಿಗೆ ಪ್ರಮಾಣಪತ್ರ ಕೊಡಬಾರದು. ಕೆಲಸ ಸಿಕ್ಕಿದ ಮೇಲೂ ತಿಂಗಳಿಗೆ ಎರಡು ಬಾರಿಯಾದರೂ ಸೂಪರ್‌ವಿಷನ್ ಬೇಕು. ಅದು ಸಮಾಲೋಚಕರನ್ನು ಕಾಪಾಡುವ ಏರ್ಪಾಟು ಕೂಡ. ದಿನಕ್ಕೆ ಎಂಟು ಜನರ ಸಂಕಟ ಕೇಳಿ, ಅದನ್ನು ಯಾರೊಡನೆಯೂ ಇಳಿಸಿಕೊಳ್ಳಲಾಗದೆ, ಗುತ್ತಿಗೆಯ ಹುದ್ದೆಯಲ್ಲಿ ಮುಂದಿನ ವರ್ಷದ ಖಾತ್ರಿಯಿಲ್ಲದೆ ದುಡಿಯುವ ತರುಣ ತರುಣಿಯರನ್ನು ನಾನು ಕಂಡಿದ್ದೇನೆ. ಅವರು ದಣಿದರೆ ದಣಿವು ನೇರವಾಗಿ ಎದುರಿನ ಕುರ್ಚಿಗೆ ತಲುಪುತ್ತದೆ.

ನಾಲ್ಕನೆಯದು ಭಾಷೆ. ತರಬೇತಿಯ ಕೈಪಿಡಿ, ರೋಲ್ ಪ್ಲೇ, ಅಂಕ ಕೊಡುವ ಮಾನದಂಡ ಎಲ್ಲವೂ ಕನ್ನಡದಲ್ಲಿರಬೇಕು, ಅದೂ ಕಲಬುರಗಿಯ, ಮಂಗಳೂರಿನ, ಚಾಮರಾಜನಗರದ ಕನ್ನಡಗಳನ್ನು ಒಳಗೊಂಡು. ಸೊನ್ನೆಯಿಂದ ಹತ್ತರ ಅಳತೆ ಕೈಗೆ ಹತ್ತದ ಅಜ್ಜಿಯೊಬ್ಬರು "ರೂಪಾಯಿಗೆ ಎಷ್ಟಾಣೆ ಸಮಾಧಾನ ಐತಿ?" ಎಂದು ಸಮಾಲೋಚಕರು ಕೇಳಿದ ಕೂಡಲೇ "ನಾಕಾಣೆ" ಎಂದುಬಿಡುತ್ತಾರೆ. ಅದು ಆರಾಣೆ ಆಗಬೇಕಾದರೆ ಏನಾಗಬೇಕು ಎಂಬ ಮುಂದಿನ ಪ್ರಶ್ನೆ ಆಗ ತಾನಾಗಿ ಬರುತ್ತದೆ.

ಐದನೆಯದು ನೀತಿ ಮತ್ತು ಕಾನೂನು. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದುಬಂದರೆ ವರದಿ ಮಾಡುವುದು ಕಡ್ಡಾಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕೆನ್ನುತ್ತದೆ. ಇವು ಗೊತ್ತಿರಬೇಕು. ಗೋಪ್ಯತೆಯಂತೂ ಸಣ್ಣ ಊರಿನಲ್ಲಿ ಇನ್ನೂ ಕಷ್ಟದ ವಿಷಯ. ಬಾಗಿಲಿಲ್ಲದ ಕೋಣೆ, ಅರ್ಧಕ್ಕೆ ಒಳಬರುವ ಸಿಬ್ಬಂದಿ, ಕಾರಿಡಾರಿನಲ್ಲಿ ಕೂತ ಪರಿಚಯದವರು. ಹೆಸರಿಲ್ಲದಿದ್ದರೂ ಪ್ರಕರಣವನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಬಾರದೆಂಬುದನ್ನು ಮೊದಲ ದಿನವೇ ಹೇಳಬೇಕು.

ಕೊನೆಯ ಮಾತು

ಇಲ್ಲಿರುವ ವಿಶ್ವವಿದ್ಯಾನಿಲಯದವರಲ್ಲಿ ನನ್ನ ವಿನಂತಿ: ಎಂ.ಎ., ಎಂ.ಎಸ್.ಡಬ್ಲ್ಯೂ. ಮುಗಿಸಿದವರಿಗಾಗಿ ಒಂದು ವರ್ಷದ ಕಿರು ಸಮನ್ವಯ ಚಿಕಿತ್ಸಾ ತರಬೇತಿಯನ್ನು ಕನ್ನಡದಲ್ಲಿ ಆರಂಭಿಸಿ. ಪ್ರತಿ ತಂಡಕ್ಕೆ ತೆಗೆದುಕೊಳ್ಳುವವರ ಸಂಖ್ಯೆಯನ್ನು ಮೇಲ್ವಿಚಾರಕರ ಸಂಖ್ಯೆ ನಿರ್ಧರಿಸಲಿ. ಸರ್ಕಾರದವರಲ್ಲಿ: ಸಮಾಲೋಚಕರ ಹುದ್ದೆ ಮಂಜೂರು ಮಾಡುವಾಗ ಜಿಲ್ಲೆಗೊಬ್ಬ ಮೇಲ್ವಿಚಾರಕರ ಹುದ್ದೆಯನ್ನೂ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆಯನ್ನೂ ಜೊತೆಗೇ ಮಂಜೂರು ಮಾಡಿ. ಪೋಷಕರಲ್ಲಿ, ನಾಗರಿಕರಲ್ಲಿ: ಸಮಾಲೋಚಕರ ಬಳಿ ಹೋದಾಗ, ನಿಮ್ಮ ಮೇಲ್ವಿಚಾರಕರು ಯಾರು ಎಂದು ಕೇಳಿ. ಈ ಪ್ರಶ್ನೆಗೆ ಮುನಿಸಿಕೊಳ್ಳದೆ ಉತ್ತರ ಕೊಡುವವರನ್ನು ನಂಬಬಹುದು.

ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮ ಎದುರಿಗೆ ಕೂರುವವರು ಒಂದೇ ಸಲ ಬರಬಹುದು. ಆ ಒಂದು ಸಲಕ್ಕೆ ಅವರು ಕೂಲಿ ಬಿಟ್ಟಿದ್ದಾರೆ, ಮನೆಯವರಿಗೆ ನೆಪ ಹೇಳಿದ್ದಾರೆ, ಎಷ್ಟೋ ರಾತ್ರಿ ಯೋಚಿಸಿದ್ದಾರೆ. ಅಷ್ಟು ತಯಾರಿ ಮಾಡಿಕೊಂಡು ಬಂದವರ ಮುಂದೆ ತಯಾರಿಯಿಲ್ಲದೆ ಕೂರುವ ಹಕ್ಕು ನಮಗಿಲ್ಲ. ಓದಿ, ಅಭ್ಯಾಸ ಮಾಡಿ, ನಿಮ್ಮ ಕೆಲಸವನ್ನು ಹಿರಿಯರಿಗೆ ಕೇಳಿಸಿ ತಿದ್ದಿಸಿಕೊಳ್ಳಿ. ವೃತ್ತಿಯಲ್ಲಿ ಎಷ್ಟೇ ವರ್ಷ ಕಳೆದರೂ ಇದನ್ನು ನಿಲ್ಲಿಸಬೇಡಿ.